ಚರ್ಮವಿಲ್ಲದ ವಾದ್ಯ

ರಕ್ಷಾ ಆ ಬೇಸ್ ಗಿಟಾರನ್ನು ಮನೆಗೆ ತಂದ ದಿನ ನಾನು ಮೊದಲು ಅದನ್ನು ಮೂಸಿ ನೋಡಿದೆ. ಹೊನ್ನಾಳಿಯ ಆರ್ಕೆಸ್ಟ್ರಾದವನೊಬ್ಬ ಬಾರಿಸಿ ಬಿಟ್ಟದ್ದು, ಅದಕ್ಕೇ ಅಗ್ಗಕ್ಕೆ ಸಿಕ್ಕಿತ್ತು. ತಂತಿಗಳ ಕೆಳಗೆ ಅವನ ಬೆವರಿನ ಕೊಳೆ ಕಪ್ಪಗೆ ಗಟ್ಟಿಯಾಗಿತ್ತು, ಗುಟ್ಕಾ ನಾರುತ್ತಿತ್ತು. ಅದನ್ನು ಸಹಿಸಬಹುದು. ನಾನು ಹುಡುಕುತ್ತಿದ್ದದ್ದು ಬೇರೆ ವಾಸನೆ.

"ಇದ್ರಾಗೆ ಎಲ್ಲಾದ್ರೂ ಚರ್ಮ ಐತೇನವ್ವ?" ಎಂದು ಮೊಮ್ಮಗಳನ್ನು ಕೇಳಿದೆ.

"ಇಲ್ಲಜ್ಜ. ಮರ, ತಂತಿ, ಕರೆಂಟು. ಅಷ್ಟೆ."

ಹಾಗಾದರೆ ಇರಲಿ ಎಂದೆ.

ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತಮಟೆ ನನ್ನ ಹೆಗಲಿಗೆ ಬಂತು, ಶಾಲೆ ಅಲ್ಲಿಗೇ ಮುಗಿಯಿತು. ಹೆಣದ ಮುಂದೆ ಬಾರಿಸಿಕೊಂಡು ಹೋಗಬೇಕು. ಆಮೇಲೆ ಅದೇ ತಮಟೆಯನ್ನು ಅಂಗಾತ ಹಿಡಿದರೆ ಸತ್ತವರ ಮನೆಯವರು ನಮ್ಮ ಕೈ ತಾಗದಂತೆ ಮೇಲಿಂದ ಅದರೊಳಗೆ ಅನ್ನ ಹಾಕುತ್ತಿದ್ದರು. ಸದ್ದು ಏರಲೆಂದು ಉರಿಗೆ ಹಿಡಿದ ಚರ್ಮದ, ಸುಟ್ಟ ರೋಮದ ವಾಸನೆಯ ಅನ್ನ. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಆ ತಮಟೆಯನ್ನು ಸೂಳೆಕೆರೆಗೆ ಎಸೆದು, ನಮ್ಮ ಮನೆಯೊಳಗೆ ಇನ್ನು ಆ ಸದ್ದು ಬರಕೂಡದು ಎಂದಿದ್ದೆ. ಪಕ್ಕದ ಮನೆಯಲ್ಲಿರುವ ತಮ್ಮ ಪಾಪಣ್ಣ ಮಾತ್ರ ತನ್ನ ತಮಟೆ ಬಿಡಲಿಲ್ಲ. ಈಗಲೂ ಕರೆದವರ ಮನೆಗೆ ಹೋಗುತ್ತಾನೆ, ಕುಡಿದು ಬರುತ್ತಾನೆ.

ಚನ್ನಗಿರಿಯ ಅಂಬೇಡ್ಕರ್ ಜಯಂತಿಯಲ್ಲಿ ರಕ್ಷಾಳ ಹಾಡಿನ ತಂಡಕ್ಕೆ ಅವಕಾಶ ಸಿಕ್ಕಿತ್ತು. ಗಿಟಾರಿನ ಕುತ್ತಿಗೆಯೊಳಗೆ ಅದನ್ನು ನೆಟ್ಟಗಿಡಲು ಒಂದು ಕಬ್ಬಿಣದ ಸರಳಿದೆಯಂತೆ. ಅಲನ್ ಕೀ ಎನ್ನುವ ಸಣ್ಣ ಬಾಗಿದ ಕೀಲಿ ಹಾಕಿ ಅದನ್ನು ಒಂದಿಷ್ಟು ತಿರುಗಿಸುವುದು, ಮರ ಹದಕ್ಕೆ ಬರಲೆಂದು ಮಾರನೆಯ ದಿನದವರೆಗೆ ಬಿಡುವುದು. ಅವಳ ಆ ತಾಳ್ಮೆ ನನಗೆ ಹಿಡಿಸಿತ್ತು.

ಜಯಂತಿ ಹತ್ತಿರ ಬಂದಾಗ ಅಕಾಲದ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಕೆರೆಬಿಳಚಿಯ ತೋಟದ ಕೆಲಸದಿಂದ ಬಂದು ನೋಡಿದರೆ ಅಂಗಳದಲ್ಲಿ ಹುಲ್ಲಿನ ಉರಿ. ಅದರ ಮೇಲೆ ಪಾಪಣ್ಣ ಗಿಟಾರನ್ನು ತಿರುವಿ ತಿರುವಿ ಹಿಡಿದಿದ್ದ. ಬಣ್ಣ ಬೊಬ್ಬೆಯೆದ್ದು ಪ್ಲಾಸ್ಟಿಕ್ ಸುಟ್ಟ ನಾತ ಬರುತ್ತಿತ್ತು.

"ಥಂಡಿ ಹಿಡಿದೈತಣ್ಣ. ಒಸಿ ಕಾಯಿಸಿದ್ರೆ ಸದ್ದು ಏರ್ತೈತೆ" ಎಂದ. ಹೆಬ್ಬೆರಳಿಗೆ ಎಂಜಲು ಹಚ್ಚಿ ಮರದ ಮೇಲೆ ಟಪ್ಪೆಂದು ಬಡಿದು ಕಿವಿಗೊಟ್ಟ. ಸಾರಾಯಿಯ ವಾಸನೆ, ಎಂಜಲು, ಹೊಗೆ. ಗಿಟಾರನ್ನು ಕಿತ್ತುಕೊಂಡೆ. ಹೋಗಿ ಸ್ನಾನ ಮಾಡಿದೆ.

ಕುತ್ತಿಗೆ ಬಿಲ್ಲಿನಂತೆ ಬಾಗಿತ್ತು. ರಕ್ಷಾ ಸಣ್ಣಜ್ಜನನ್ನು ಬೈಯಲಿಲ್ಲ. ದಿನಾ ಸಂಜೆ ಒಳಗಿನ ಸರಳನ್ನು ಕಾಲು ಸುತ್ತು ಬಿಗಿ ಮಾಡುತ್ತಾ ಬಂದಳು. ಬಾಗು ಹೋಯಿತು, ಆದರೆ ಎಲ್ಲಕ್ಕಿಂತ ದಪ್ಪನೆಯ ತಂತಿ ಒಂದು ಕಡೆ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗೆ ತಾಗಿ ಜರ್ ಎನ್ನತೊಡಗಿತು. ಉಣ್ಣುತ್ತಿದ್ದವನು ಮುದ್ದೆಯ ತಟ್ಟೆ ಕೆಳಗಿಟ್ಟೆ. ಕಾಯಿಸಿದ ತಮಟೆಯ ಅಂಚಿಗೆ ಕಡ್ಡಿ ತಾಗಿದಾಗ ಬರುವ ಅದೇ ಸದ್ದು. ಅದು ಹೋಗಬೇಕು ಎಂದೆ. ಅವಳು ಬುಡದ ತಿರುಪು ತಿರುಗಿಸಿ ಆ ತಂತಿಯನ್ನು ಎತ್ತರಿಸಿದಳು. ಸದ್ದು ತಿಳಿಯಾಯಿತು. ತಟ್ಟೆ ಎತ್ತಿಕೊಂಡೆ.

ಜಯಂತಿಯ ದಿನ ಪೆಂಡಾಲಿನ ಹಿಂದೆ ಅವಳು ಮತ್ತೆ ಕೀ ತೆಗೆದು ಆ ದಪ್ಪ ತಂತಿಯನ್ನು ಇಳಿಸುತ್ತಿದ್ದಳು. ಎದುರಿಗೆ ಪಾಪಣ್ಣ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ.

"ಯಾಕವ್ವ?" ಎಂದೆ.

"ಎತ್ತರ ಇದ್ರೆ ಬೆರಳು ನೋಯ್ತೈತೆ ಅಂತ ಸುಳ್ಳು ಹೇಳಬಹುದಜ್ಜ. ಆದ್ರೆ ನಂಗೆ ಆ ಸದ್ದೇ ಬೇಕು."

ಪಾಪಣ್ಣ ನನ್ನ ಮುಖ ನೋಡಿ ನಕ್ಕ. "ನೀನು ಕೆರೆಗೆ ಎಸೆದದ್ದು ಈಜ್ಕಂಡು ಬಂದೈತೆ ನೋಡಣ್ಣ."

ಅವಳು ಬಾರಿಸಿದಳು. ಎಷ್ಟು ದೊಡ್ಡ ಸ್ಪೀಕರುಗಳು. ಜರ್ ಎನ್ನುವುದು ನೆಲದಿಂದ ಹತ್ತಿ ನನ್ನ ಹಲ್ಲಿಗೆ ಬಂತು. ಜನ ಎದ್ದು ಕುಣಿದರು, ಶಿಳ್ಳೆ ಹೊಡೆದರು. ನನಗೆ ಆ ಅನ್ನದ ರುಚಿ ಬಾಯಿಗೆ ಬಂದು, ಹೊರಗೆ ಹೋಗಿ ಉಗಿದೆ.

ಕಾರ್ಯಕ್ರಮ ಮುಗಿದ ಮೇಲೆ ಪಲಾವು ಹಂಚಿದರು. ರಕ್ಷಾ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ವೈರು ಸುತ್ತುತ್ತಿದ್ದಳು. ಎರಡೂ ಕೈ ಖಾಲಿ ಇರಲಿಲ್ಲ. ಹಂಚುತ್ತಿದ್ದ ಹೆಂಗಸು ಪ್ರೀತಿಯಿಂದಲೇ ತಟ್ಟೆಯನ್ನು ಗಿಟಾರಿನ ಮೇಲಿಟ್ಟು ಮುಂದೆ ಹೋದಳು.

ಜನರನ್ನು ದಾಟಿಕೊಂಡು ಹೋಗಿ ಆ ತಟ್ಟೆ ಎತ್ತಿದೆ. ವೈರನ್ನು ಅವಳಿಂದ ಇಸಿದುಕೊಂಡೆ.

"ಕೈಯಾಗೆ ಇಸ್ಕಂಡು ತಿನ್ನವ್ವ" ಎಂದೆ.

ಅವಳು ನನ್ನನ್ನೇ ನೋಡಿ ಎರಡೂ ಕೈ ಚಾಚಿದಳು. ಗಿಟಾರಿನ ಮೇಲೆ ಎಣ್ಣೆಯ ಕಲೆಯಾಗಿತ್ತು. ಹೆಗಲ ಟವೆಲಿನಿಂದ ಉಜ್ಜಿದೆ. ಎಣ್ಣೆ ಹೋಯಿತು. ಸುಟ್ಟದ್ದು ಹಾಗೇ ಇತ್ತು.