ಹಿತ್ತಾಳೆಯ ಅಳತೆಪಟ್ಟಿ

ಅಲ್ವಾರೊ ಮೆಂಡೋನ್ಸಾನಿಗೆ ಕಾನೂನು ಎಂದರೆ ಕಾನೂನು. ತಮ್ಮನ ಮಗ ಕೊಟ್ಟ, ಗಾಳದ ದಾರಕ್ಕೆ ಕಟ್ಟಿ ಎಸೆಯುವ ಏಡಿ ಉರುಲಿಗೆ ಒಂಬತ್ತು ಕುಣಿಕೆಗಳಿದ್ದವು. ಆರಕ್ಕಿಂತ ಹೆಚ್ಚು ಸಲ್ಲದೆಂದು ಗಾಳದಂಗಡಿಯ ಗೋಡೆಯ ಮೇಲಿನ ನಿಯಮಪಟ್ಟಿಯಲ್ಲಿ ಓದಿ, ನಿಂತಲ್ಲೇ ಮೂರನ್ನು ಕತ್ತರಿಸಿ ಹಾಕಿದ. ಕೆಳಗಿನ ಸಾಲು ಏಡಿಯ ಅಳತೆಯದು. ಅದನ್ನು ಓದಲಿಲ್ಲ. ಇಪ್ಪತ್ತೆಂಟು ವರ್ಷ ಏಡಿ ದೋಣಿಯಲ್ಲಿ ದುಡಿದವನಿಗೆ ಅದನ್ನೂ ಹೇಳಿಕೊಡಬೇಕೇ? ಎರಡು ಕೊಂಬುಗಳ ನಡುವೆ ಏಡಿಯ ಚಿಪ್ಪು ಹಿಡಿದು ನೋಡುವ, ಆ ಕಾಲದ ಹಿತ್ತಾಳೆಯ ಅಳತೆಪಟ್ಟಿ ಇನ್ನೂ ಅವನ ಜೇಬಿನಲ್ಲೇ ಇತ್ತು.

ಹಾಸಿಗೆ ಹಿಡಿದಿದ್ದ ಹೆಂಡತಿ ಇಡಲೀನಾ ವಾರಗಟ್ಟಲೆ ಏನನ್ನೂ ಬೇಡದವಳು, ಸೋಮವಾರ ಏಡಿ ಬೇಕು ಎಂದಿದ್ದಳು. ಇನ್ನು ಎರಡು ಮೂರು ದಿನ ನುಂಗಿಯಾರು, ಆಮೇಲೆ ಆಗದು ಎಂದಿದ್ದಳು ಮನೆಗೆ ಬರುವ ನರ್ಸ್. ತಿಮಿಂಗಿಲಗಳು ಏಡಿಬೋನುಗಳ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತವೆಂದು ಆ ವರ್ಷ ಊರಿನ ಬಂದರು ಹಾಫ್ ಮೂನ್ ಬೇಯ ಏಡಿ ದೋಣಿಗಳನ್ನು ಸರಕಾರ ಇನ್ನೂ ಕಡಲಿಗೆ ಬಿಟ್ಟಿರಲಿಲ್ಲ. ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿದ ಏಡಿಯನ್ನು ಅವಳು ಮೂಸಿಯೂ ನೋಡುವವಳಲ್ಲ. ಹಾಗಾಗಿ ಎಪ್ಪತ್ತಾರರ ಮುದುಕ ಗಾಳದ ಕೋಲು ಹಿಡಿದು ಮರಳಿಗಿಳಿದ.

ಮೂರನೆಯ ದಿನ ಮಧ್ಯಾಹ್ನ ದಾರ ಭಾರವಾಯಿತು. ಸಡಿಲ ಬಿಡದೆ ಸುತ್ತಿ ಎಳೆದ. ಕುಣಿಕೆಯಲ್ಲಿ ಕಾಲು ಸಿಕ್ಕಿಸಿಕೊಂಡು ತುಂಬು ಏಡಿ ಬಂತು. ಅಳತೆಪಟ್ಟಿ ಇಟ್ಟ. ಚಿಪ್ಪಿನ ಎರಡು ಕಡೆಯೂ ತುಸು ಸಂದು ಉಳಿಯಿತು. ತುಟಿ ಕಚ್ಚಿ ಅಲೆಗೆ ಎಸೆದುಬಿಟ್ಟ.

"ಯಾಕ್ ಬಿಟ್ರಿ ಅಜ್ಜ?" ಪಕ್ಕದಲ್ಲಿ ಉರುಲು ಎಸೆಯುತ್ತಿದ್ದ ಫಿಲಿಪೀನ್ಸ್ ಹೆಂಗಸು ಪೆರ್ಲಿತಾ ಕೇಳಿದಳು.

"ಸಣ್ಣದು ಕಣಮ್ಮ."

"ಎಲ್ಲಿ, ಆ ಪಟ್ಟಿ ಕೊಡಿ ನೋಡೋಣ." ತನ್ನ ಪ್ಲಾಸ್ಟಿಕ್ ಪಟ್ಟಿಯನ್ನು ಅವನದರೊಳಗಿಟ್ಟಳು. ಸುತ್ತ ಜಾಗ ಉಳಿಯಿತು. "ಇದು ದೋಣಿಯೋರ ಅಳತೆ ಅಲ್ವಾ? ಮಾರೋರಿಗೆ ಆರೂಕಾಲು ಇಂಚು. ನಮ್ಮಂಥ ದಡದೋರಿಗೆ ಐದೂಮುಕ್ಕಾಲು ಸಾಕು, ನೀವು ಬಿಟ್ಟಿದ್ದು ಅದಕ್ಕಿಂತ ದೊಡ್ಡದೇ ಇತ್ತು. ಏಡಿಗಳೆಲ್ಲ ನಿಮ್ಮ ಹೆಸರಲ್ಲಿ ಮೇಣದಬತ್ತಿ ಹಚ್ತಾವೆ ನೋಡಿ." ನಕ್ಕವಳು ಅವನ ಮುಖ ನೋಡಿ ಪಟ್ಟಿಯನ್ನು ಮೆಲ್ಲಗೆ ಅವನ ಕೈಗಿಟ್ಟಳು.

ಮಂಗಳವಾರ ಒಂದು, ನಿನ್ನೆ ಒಂದು, ಈಗ ಇದು. ಮೂರೂ ಇಷ್ಟೇ ಗಾತ್ರದವು. ಮೂರನ್ನೂ ತನ್ನ ಕೈಯಾರೆ ಬಿಟ್ಟಿದ್ದ. ಹೊತ್ತು ಮುಳುಗುವವರೆಗೂ ಎಸೆದ, ಎಳೆದ. ಪೆರ್ಲಿತಾಳೂ ತನಗೆ ಸಿಕ್ಕರೆ ಕೊಡುತ್ತೇನೆಂದು ಜೊತೆಗೇ ನಿಂತಳು. ಇಬ್ಬರಿಗೂ ಬಂದದ್ದು ಕಡಲಪಾಚಿ ಮಾತ್ರ.

ಮನೆಯಲ್ಲಿ ನರ್ಸ್ ಇಡಲೀನಾಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. "ಸಂಜೆಯಿಂದ ನೀರೂ ಇಳೀತಿಲ್ಲ," ಎಂದು ಮೆಲ್ಲಗೆ ಹೇಳಿ ಎದ್ದುಹೋದಳು.

ಇಡಲೀನಾ ಕಣ್ಣು ತೆರೆದಳು. "ಸಿಕ್ತಾ?"

"ಸಿಕ್ತು. ಸಣ್ಣದಿತ್ತು."

"ಬಿಟ್ಟಿರ್ತೀಯ, ಗೊತ್ತು." ಬತ್ತಿದ ತುಟಿಯಲ್ಲಿ ನಗು ಸುಳಿಯಿತು. ಮದುವೆಯಾದಾಗಿನಿಂದ ಅವನ ಕಟ್ಟುನಿಟ್ಟನ್ನು ಆಡಿಕೊಂಡವಳು ಈಗ ಅವನ ಕೈ ಹಿಡಿದಳು. "ಅಳತೇಲಿ ನೀನು ಒಂದಿನಾನೂ ತಪ್ಪಿದೋನಲ್ಲ."

ಅಲ್ವಾರೊ ಹೌದೆಂದು ತಲೆಯಾಡಿಸಿದ.