ಬೂದಿ ಬಣ್ಣದ ಜೋಡಿ

ಹಿಂದಿನ ಎಡಗಡೆಯ ಸ್ಪೀಕರನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗಲೇ ಅವನಿಗೆ ಖಾತ್ರಿಯಾಯಿತು, ಇದನ್ನು ಮೊದಲೇ ಯಾರೋ ಬಿಚ್ಚಿದ್ದಾರೆ. ಸ್ಕ್ರೂಗಳ ತಲೆ ಸವೆದಿತ್ತು. ಯಾರೋ ಎಂದರೆ ಇನ್ಯಾರು, ಬಾಮೈದನೇ. ರಿಪೇರಿ ಅಂಗಡಿ ಇಟ್ಟವನ ಕೈಗೆ ಸಿಕ್ಕ ಪೆಟ್ಟಿಗೆ ಹೊಟ್ಟೆ ಬಗೆಸಿಕೊಳ್ಳದೆ ಆಚೆ ಬರುವುದುಂಟೇ? ಒಳಗಿನ ಒಳ್ಳೆಯ ಸಾಮಾನು ತೆಗೆದು, ಕೆಲಸಕ್ಕೆ ಬಾರದ್ದನ್ನು ತುಂಬಿ, ಅಕ್ಕನ ಗಂಡನ ತಲೆಗೆ ಕಟ್ಟಿದ್ದಾನೆ.

ಸಣ್ಣ ಚಿತ್ರಗಳಿಗೆ ಸದ್ದು ಹೊಂದಿಸುವುದು ಅವನ ಕಸುಬು. ಮನೆಯ ಹಿಂದಿನ ಕೋಣೆ, ಮೇಜಿನ ಮೇಲೊಂದು ಕಂಪ್ಯೂಟರ್, ಅದೇ ಅವನ ಸ್ಟುಡಿಯೊ. ಹೆಜ್ಜೆ, ಬಾಗಿಲು, ಗಾಳಿ, ಯಾವುದು ಎಲ್ಲಿಂದ ಕೇಳಬೇಕೆಂದು ತೀರ್ಮಾನಿಸುವವನು ಅವನು. ಈಚೆಗೆ ಎಲ್ಲರಿಗೂ ಸುತ್ತಲಿಂದ ಸದ್ದು ಬರಬೇಕು. ಅದಕ್ಕೆ ಹೊಸ ಸೆಟ್ಟು ಯಾಕೆ, ಮುಂದೆ ನಿಮ್ಮ ಕರಿ ಜೋಡಿ ಇರಲಿ, ಹಿಂದೆ ನನ್ನ ಹತ್ತಿರದ ಬೂದಿ ಬಣ್ಣದ್ದು ಇಡೋಣ, ಸದ್ದಿನ ಮಟ್ಟ ಸರಿಮಾಡಿಕೊಂಡರೆ ಬೇರೆ ಬೇರೆ ಮನೆಯವು ಅಂತ ಗೊತ್ತೇ ಆಗುವುದಿಲ್ಲ ಎಂದಿದ್ದ ಬಾಮೈದ. ಮದುವೆಗೆ ಮುಂಚೆ ಎಲ್ಲರೂ ಹೀಗೇ ಹೇಳುತ್ತಾರೆ.

ಬೂದಿ ಜೋಡಿ ಬಂದ ಮೇಲೆ ಎಡಗಡೆ ಮಂಕು ಎನ್ನಿಸತೊಡಗಿತು. ಹಿಂದಿನದಷ್ಟೇ ಅಲ್ಲ, ಮುಂದಿನ ಕರಿಯದೂ. ಕೆಟ್ಟದ್ದರ ಸಹವಾಸಕ್ಕೆ ಒಳ್ಳೆಯದೂ ಕೆಟ್ಟಿತು ಎಂದುಕೊಂಡು ಅವನು ಎಡಗಡೆಯ ಸದ್ದನ್ನು ಏರಿಸಿದ. ಹೋದ ವಾರ ನಿರ್ಮಾಪಕ ಕೆಲಸವನ್ನು ವಾಪಸು ಕಳಿಸಿದ. ಎಲ್ಲ ಎಡಕ್ಕೇ ಸುರಿದ ಹಾಗಿದೆ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ಇವನಿಗೆ ಭಯವಾಯಿತು. ಭಯವಾದಾಗ ಅವನು ಕಳ್ಳನನ್ನು ಹುಡುಕುವ ಪೈಕಿ.

ಕಳ್ಳ ಒಬ್ಬನೇ ಅಲ್ಲ ಎಂಬ ಗುಮಾನಿಯೂ ಇತ್ತು. ಅಕ್ಕ ತಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟುವರು, ಇವನು ಹೋದರೆ ಮಾತು ನಿಲ್ಲುವುದು. ಹೆಂಡತಿ ಊಟದ ಮೇಜಿನಲ್ಲಿ ಎಷ್ಟೋ ವರ್ಷ ಕೂತ ಜಾಗ ಬಿಟ್ಟು ಇವನ ಇನ್ನೊಂದು ಬದಿಗೆ ಬಂದಿದ್ದಳು. ಕೇಳಿದ್ದಕ್ಕೆ ಇಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ ಎಂದಳು. ಫ್ಯಾನು ಇದ್ದದ್ದು ನಟ್ಟನಡುವೆ. ಇನ್ನು ಸದ್ದು ಅಳೆಯುವ ಆ್ಯಪ್ ನಾಲ್ಕೂ ಸ್ಪೀಕರು ಸಮ ಎಂದೇ ತೋರಿಸುತ್ತಿತ್ತು. ಅದನ್ನು ಫೋನಿಗೆ ಹಾಕಿಕೊಟ್ಟವನೂ ಬಾಮೈದನೇ ಆದ್ದರಿಂದ ಅವನು ನಂಬಲಿಲ್ಲ.

ಬಾಮೈದ ಬಂದ ಕೂಡಲೇ ಇವನು ಸವೆದ ಸ್ಕ್ರೂಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಬಿಚ್ಚಿದ್ದೆ ಭಾವ. ಬಿಚ್ಚದೆ ಸರಿ ಇದೆ ಅಂತ ಹೇಗೆ ಹೇಳ್ಲಿ?"

"ಒಳಗಿಂದು ಏನು ಬದಲಾಯ್ಸಿದೆ, ಅದನ್ನ ಹೇಳು."

ಬಾಮೈದ ಬೇಜಾರು ಮಾಡಿಕೊಳ್ಳಲಿಲ್ಲ. ಅದರಿಂದ ಇವನ ಅನುಮಾನ ಇನ್ನಷ್ಟು ಬಲಿಯಿತು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ಒಮ್ಮೆ ನೋಡಿ, ಬಾಮೈದ ಸ್ಕ್ರೂ ಬಿಗಿದು, ಹಿಂದಿನ ಎರಡನ್ನೂ ಅದಲುಬದಲು ಮಾಡಿಟ್ಟ. ಮಳೆ ಸುರಿದಂಥ ಪರೀಕ್ಷೆಯ ಸದ್ದು ಒಂದೊಂದರಿಂದಲೇ ಬಂತು. ಈಗಲೂ ಎಡವೇ ಮಂಕು. ತಂತಿಯದೇ ತಪ್ಪು ಎಂದ ಇವನು. ತಂತಿಯನ್ನೂ ಬದಲಿಸಿದರು. ಎಡವೇ ಮಂಕು. ಹಾಗಾದರೆ ಆ ಗೋಡೆ ಸದ್ದು ನುಂಗುತ್ತಿದೆ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ಮೂವರಿಗೂ ನೆನಪಾಗಿರಬೇಕು, ಯಾರೂ ಆಡಲಿಲ್ಲ.

"ಒಂದ್ಸಲ ಕುರ್ಚಿ ಹಿಂದಕ್ಕೆ ತಿರುಗಿಸ್ಕೊಂಡು ಕೂತ್ಕೊಳ್ಳಿ ಭಾವ," ಎಂದ ಬಾಮೈದ, ಮೆಲ್ಲಗೆ.

ಇದರಲ್ಲೂ ಏನೋ ಮಸಲತ್ತಿದೆ ಎಂದುಕೊಂಡೇ ಅವನು ಕಂಪ್ಯೂಟರಿಗೆ ಬೆನ್ನು ಮಾಡಿ ಕೂತು ಕಣ್ಣು ಮುಚ್ಚಿದ. ಸದ್ದು ಒಂದು ಸುತ್ತು ಬಂತು. ಮಂಕಾಗಿ ಕೇಳಿದ ಕಡೆಗೆ, ಎಡಭುಜದ ಹಿಂದಕ್ಕೆ, ಬೆರಳು ತೋರಿಸಿ ಕಣ್ಣು ಬಿಟ್ಟ. ಬೆರಳಿನ ತುದಿಯಲ್ಲಿದ್ದದ್ದು ಅವನದೇ ಕರಿ ಸ್ಪೀಕರು, ಇಷ್ಟು ದಿನ ಬಲಗಡೆ ಚೆನ್ನಾಗಿ ಕೇಳಿಸುತ್ತಿದ್ದದ್ದು, ಯಾರೂ ಕೈ ಹಚ್ಚದೆ ಇದ್ದದ್ದು. ಅವನು ಬೈದುಕೊಂಡಿದ್ದ ಮೂಲೆ ಈಗ ಬಲಕ್ಕೆ ಬಂದು ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿತ್ತು.

ಅವನು ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಮಳೆ ಪಕ್ಕದೂರಿಗೆ ಹೋಯಿತು. ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಹೆದರಿಕೆ. ಈ ಕಿವಿ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಬಾಮೈದ ಸದ್ದು ನಿಲ್ಲಿಸಿದ. "ಡಾಕ್ಟ್ರಿಗೆ ತೋರ್ಸೋಣ ಅಂತ ಅಕ್ಕ ಹೇಳ್ತಾನೇ ಇದ್ಲು ಭಾವ. ನಿಮ್ಮ ಹತ್ರ ಹೇಳೋಕೆ ಇಬ್ರಿಗೂ ಧೈರ್ಯ ಆಗ್ಲಿಲ್ಲ."

ಹೆಂಡತಿ ಊಟದ ಮೇಜಿನಲ್ಲಿ ಜಾಗ ಬದಲಿಸಿದ್ದು ಬೂದಿ ಜೋಡಿ ಮನೆಗೆ ಬರುವುದಕ್ಕಿಂತ ಎಷ್ಟೋ ಮೊದಲು ಎಂಬುದು ಅವನಿಗೆ ಈಗ ನೆನಪಾಯಿತು.

ಅವಳು ಒಳಗೆ ಹೋಗಿ ಟೀ ತಂದಳು. ತಿರುಗಿ ಕೂತಿದ್ದರಿಂದ ಬಾಗಿಲು ಅವನ ಎಡಕ್ಕಿತ್ತು, ಅಲ್ಲಿಂದಲೇ ಕೈ ಚಾಚಿದ್ದರೆ ಸಾಕಿತ್ತು. ಅವಳು ಲೋಟ ಹಿಡಿದುಕೊಂಡು ನೆಲದಲ್ಲಿ ಹರಡಿದ್ದ ತಂತಿಗಳನ್ನು ಒಂದೊಂದಾಗಿ ದಾಟಿ, ಕುರ್ಚಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಡ್ಡ ನುಸುಳಿ, ಅವನ ಬಲಕ್ಕೆ ಬಂದು ನಿಂತಳು.

"ಬಿಸಿ ಇದೆ ರೀ, ನಿಧಾನ," ಎಂದಳು.

ಅವನು ಲೋಟವನ್ನು ಕೆಳಗಿಟ್ಟು, ಬಗ್ಗಿ, ಅವಳ ಕಾಲಿಗೆ ಸುತ್ತಿಕೊಂಡಿದ್ದ ತಂತಿಯನ್ನು ಬಿಡಿಸತೊಡಗಿದ.