ಅರಕಲಗೂಡಿನವಳ ಮೊದಲ ಆಷಾಢ

ನಮ್ಮೂರು ಹಳೇಕೋಟೆಯಲ್ಲಿ ಸೊಸೆಯಾಗಿ ಬಂದವಳನ್ನು ಹೆಸರು ಹಿಡಿದು ಕೂಗುವುದು ಕಡಿಮೆ. ತವರೂರಿನ ಹೆಸರೇ ಅವಳ ಹೆಸರು. ಶಾಂತಿಗ್ರಾಮದವಳು, ಹರದನಹಳ್ಳಿಯವಳು, ಹಿಂಗೆ. ನನ್ನ ಗೊಂಬೆಗಳಿಗೂ ನಾನು ಅದೇ ಪದ್ಧತಿ ಇಟ್ಟೆ. ಯಾವ ಊರಲ್ಲಿ ಸಿಕ್ಕಳೋ ಅದೇ ಅವಳ ತವರು.

ಗೊಂಬೆ ಅಂದರೆ ಮಣ್ಣಿನದಲ್ಲ, ಮರದ್ದಲ್ಲ. ಬಾರ್ಬಿ ಅಂತಾರಲ್ಲ, ಆ ಜಾತಿಯವು. ಗೇಣಿಗಿಂತ ಒಂಚೂರು ಎತ್ತರ, ಸಣ್ಣ ಸೊಂಟ, ಬಾಚಿದರೆ ಬಾಚಿಸಿಕೊಳ್ಳುವ ಕೂದಲು. ಇವುಗಳನ್ನು ಕೂಡಿಡುವ ಚಟ ನನಗೆ ಹತ್ತಿದ್ದು ಬಸ್ಸಿನಲ್ಲಿ. ಹಾಸನಕ್ಕೂ ಹೊಳೆನರಸೀಪುರಕ್ಕೂ ಓಡಾಡುತ್ತಿದ್ದ ಖಾಸಗಿ ಬಸ್ಸಿಗೆ ನಾನು ಕ್ಲೀನರ್. ಒಂದು ಸಾಯಂಕಾಲ ಬಸ್ಸು ಗುಡಿಸುವಾಗ ಹಿಂದಿನ ಸೀಟಿನಡಿ ಒಬ್ಬಳು ಬಿದ್ದಿದ್ದಳು. ಒಂದು ಕಾಲಿಗೆ ಮಾತ್ರ ಚಪ್ಪಲಿ. ಕಳಕೊಂಡ ಮಗು ಕಂಡು ಕೇಳಲಿ ಅಂತ ಡ್ರೈವರ್ ಮುಂದಿನ ಗಾಜಿನ ಹತ್ತಿರ ಕೂರಿಸಿದೆ. ಒಂದು ಮಳೆಗಾಲ ಕಾದೆ. ಯಾರೂ ಕೇಳಲಿಲ್ಲ. ಮನೆಗೆ ತಂದೆ. ಹೆಂಡತಿ ಹೊನ್ನಕ್ಕ ರವಿಕೆ ಬಟ್ಟೆಯ ತುಂಡಿನಲ್ಲಿ ಅವಳಿಗೆ ಸೀರೆ ಮಾಡಿ ಉಡಿಸಿದಳು. ಅಲ್ಲಿಂದ ಶುರುವಾದದ್ದು ನಿಂತಿಲ್ಲ.

ಅದರ ಸುಖ ಹೇಳಕ್ಕಾಗಲ್ಲ, ಆದರೂ ಹೇಳ್ತೀನಿ. ಚನ್ನರಾಯಪಟ್ಟಣದ ಗುಜರಿ ಅಂಗಡಿಯಲ್ಲಿ ಒಡೆದ ಬಕೆಟ್ಟು, ಕೊಡಗಳ ಗುಡ್ಡೆಯೊಳಗಿಂದ ಒಂದು ಕೈ ಇಣುಕುತ್ತದೆ. ಎಳೀತೀನಿ. ಕೈಯ ಜೊತೆ ಮೈ ಬಂದರೆ ಎದೆ ಡವಗುಟ್ಟುತ್ತದೆ. ತಲೆಯೂ ಬಂತೋ, ಅವತ್ತು ಹಬ್ಬ. ಮನೆಗೆ ತಂದು ಶಾಂಪು ನೀರಿನಲ್ಲಿ ನೆನೆಹಾಕಿ, ಜಡೆಗಟ್ಟಿದ ಕೂದಲನ್ನು ತುದಿಯಿಂದ ಬಿಡಿಸುತ್ತಾ ಬರಬೇಕು. ಬುಡದಿಂದ ಎಳೆದರೆ ಕಿತ್ತು ಬರುತ್ತದೆ. ಆಮೇಲೆ ಬಿಸಿನೀರಿನಲ್ಲಿ ಒಂದು ಅದ್ದು. ನಾರಾಗಿದ್ದದ್ದು ರೇಷ್ಮೆಯಾಗಿ ಇಳಿಬೀಳುತ್ತದೆ. ಆ ಒಂದು ಗಳಿಗೆಗೆ ನಾನು ಎಷ್ಟು ಬಸ್ಸು ಬೇಕಾದರೂ ಹತ್ತುತ್ತೀನಿ.

ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಕೆಳಗೆ ಗಾಜಿನ ಶೋಕೇಸು. ಅದರ ತುಂಬ ಇವರೇ. ಊರವರು 'ಚಲುವಯ್ಯನ ಎಣ್ಮಕ್ಳು' ಅಂತ ನಗುತ್ತಿದ್ದರು. ನಕ್ಕರೆ ನಗಲಿ, ಎಣ್ಮಕ್ಕಳೇ ತಾನೆ.

ಒಂದು ದಿನ ನಮ್ಮ ಮಗ ನಟರಾಜನ ಮಗಳು ತೇಜಶ್ರೀ ಶೋಕೇಸಿನ ಮುಂದೆ ಕೂತಿದ್ದವಳು, "ತಾತ, ಎಲ್ರೂ ಬೆಳ್ಳಗವ್ರೆ. ನಮ್ಮಂಗಿರೋಳು ಒಬ್ಳೂ ಇಲ್ವಾ?" ಅಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಅವತ್ತಿಂದ ಹುಡುಕಿದೆ. ಹಾಸನದ ದೊಡ್ಡ ಅಂಗಡಿಗಳಲ್ಲಿ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಅರಕಲಗೂಡಿನ ಹಳೇ ಫ್ಯಾನ್ಸಿ ಸ್ಟೋರಿನ ಅಟ್ಟದ ಮೇಲೆ, ಡಬ್ಬದ ಸಮೇತ, ಧೂಳು ಮುಚ್ಚಿಕೊಂಡು. ಗದ್ದೆ ಮಣ್ಣಿನ ಬಣ್ಣ, ಕಪ್ಪು ಗುಂಗುರು ಕೂದಲು, ಹವಳದ ಬಣ್ಣದ ಉದ್ದ ಗೌನು. ತುಟಿಯ ಮೂಲೆಯಲ್ಲಿ ಒಂದು ನಗು ಬಂದೂ ಬಾರದಂಗಿತ್ತು.

"ಇದು ಓಗಲ್ಲ ಕಣಜ್ಜ. ಬಣ್ಣ ಕಮ್ಮಿ ಅಂತ ಯಾರೂ ಮುಟ್ಟಲ್ಲ," ಅಂದ ಅಂಗಡಿಯವನು.

"ಕಮ್ಮಿ ಅಲ್ಲ ಕಣಪ್ಪಾ, ಜಾಸ್ತಿ," ಅಂದು ತಂದೆ.

ಅರಕಲಗೂಡಿನವಳು ಬಂದ ಮೇಲೆ ಶೋಕೇಸಿನ ಕಳೆಯೇ ಬೇರೆ ಆಯಿತು. ತೇಜಶ್ರೀ ಫೋನಿನಲ್ಲಿ ಅವಳ ಫೋಟೋ ಹಿಡಿದು ಯಾರು ಯಾರಿಗೋ ಕಳಿಸಿದಳು.

ಬೇಸಿಗೆ ರಜಕ್ಕೆ ನಮ್ಮನೆಗೆ ಇನ್ನೊಬ್ಬ ಹುಡುಗಿ ಬಂದು ಹೋಗತೊಡಗಿದಳು. ಧನ್ಯಾ, ಮೇಲಿನ ಬೀದಿಯ ಕೆಂಪಣ್ಣನವರ ಮೊಮ್ಮಗಳು. ತೇಜಶ್ರೀಗೂ ಅವಳಿಗೂ ಸ್ಕೂಲ್ ವ್ಯಾನ್ ಒಂದೇ. ಅವಳ ಹತ್ತಿರ ಕೋಟು ಹಾಕಿದ ಗಂಡು ಗೊಂಬೆ ಒಂದಿತ್ತು. ಗಂಡು ಸಿಗೋದು ಅಪರೂಪ, ನನ್ನ ಶೋಕೇಸಿನಲ್ಲಿ ಒಬ್ಬನೂ ಇಲ್ಲ. ಎರಡೂ ಹುಡುಗಿಯರು ಸೇರಿ ಆ ಹುಡುಗನಿಗೂ ಅರಕಲಗೂಡಿನವಳಿಗೂ ಮದುವೆ ಗೊತ್ತು ಮಾಡಿದರು. ಧನ್ಯಾ ಗಂಡಿನ ತಾಯಿ. ಹೆಣ್ಣಿನ ಕಡೆಗೆ ನಾನು ಮತ್ತು ಹೊನ್ನಕ್ಕ.

ಮದುವೆ ಹಾಲಿನ ಡೈರಿ ಜಗುಲಿಯಲ್ಲಿ. ಅಲ್ಲಿಗೆ ಎಲ್ಲಾ ಕೇರಿಯವರೂ ಕ್ಯಾನು ಹಿಡಿದು ಬರುತ್ತಾರೆ. ಕೆಂಪಣ್ಣನವರೂ ಬಂದಿದ್ದರು, ಅವರ ಮನೆಯಾಕೆ ದೊಡ್ಡಮ್ಮನೂ ಇದ್ದರು. ದೊಡ್ಡಮ್ಮ ಶಾಸ್ತ್ರ ಅಂದರೆ ಒಂದು ಕೂದಲೆಳೆ ಬಿಡುವವರಲ್ಲ.

ಹುಡುಗಿಯರು ಹಾರ ಹಾಕಿಸಿ ಚಪ್ಪಾಳೆ ತಟ್ಟಿದಾಗ ದೊಡ್ಡಮ್ಮ, "ಇದ್ಯಾವ ಮದ್ವೆಯಮ್ಮಾ? ಧಾರೆ ಉಯ್ಯದೆ ಎಣ್ಣು ಕೊಟ್ಟಂಗಾಯ್ತದಾ? ಉಯ್ಯಿ ಚಲುವಯ್ಯ," ಅಂದರು.

ಡೈರಿ ಸೆಕ್ರೆಟರಿ ಸಿದ್ದೇಶ್ವರ ಒಂದು ಲೋಟ ಹಾಲಿಗೆ ನೀರು ಬೆರೆಸಿ ಕೈಗಿಟ್ಟ. "ಇವತ್ತೊಂದಿನ ಆಲಿಗೆ ನೀರು ಬೆರ್ಸುದ್ರೂ ಕೇಸಿಲ್ಲ, ಉಯ್ಯಿ ಚಲುವಣ್ಣ!"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಾ ಗೊಂಬೆಗಳ ಕೈ ಜೋಡಿಸಿ, ಹೊನ್ನಕ್ಕನ ಕೈಯನ್ನೂ ಸೇರಿಸಿಕೊಂಡು ಧಾರೆ ಹುಯ್ದೆ. ಹುಯ್ದು ಲೋಟ ಕೆಳಗಿಡುವುದರೊಳಗೆ ಧನ್ಯಾ ನನ್ನ ಅರಕಲಗೂಡಿನವಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಸೊಸೆ ಇನ್ಮೇಲೆ ನಮ್ಮನೆಯೋಳು. ಬತ್ತೀವಿ ಚಲುವಯ್ಯ ತಾತ!"

ನಗು ನನ್ನ ಮುಖದ ಮೇಲೇ ಉಳಿದುಬಿಟ್ಟಿತು, ಒಳಗೆ ಇರಲಿಲ್ಲ.

ಮನೆಗೆ ಬಂದಾಗ ಹೊನ್ನಕ್ಕ, "ಆಟ ಆಡಿ ಅಂದ್ರೆ ಧಾರೆನೇ ಉಯ್ದ್ಬುಟ್ಯಲ್ಲಾ. ಸುಮ್ಕೆ ಕೈಗೆ ಕೊಟ್ಟಿದ್ರೆ ವಾಪಸ್ ಕೇಳ್ಬೋದಿತ್ತು. ನೀರು ಬಿಟ್ಟು ಕೊಟ್ಟುದ್ದ ಯಾವ ಬಾಯಲ್ಲಿ ಕೇಳ್ತೀಯ?" ಅಂದಳು.

ಕೇಳಲಿಲ್ಲ. ಶೋಕೇಸಿನ ನಡುವಿನ ಜಾಗ ಖಾಲಿ ಬಿಟ್ಟೆ.

ಅಷ್ಟರಲ್ಲಿ ಹಾಸನದಿಂದ ಫೋನು. ಸೌಜನ್ಯ ಅಂತ ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣುಮಗಳು. ಅವರಿಗೂ ಇದೇ ಚಟವಂತೆ, ತೇಜಶ್ರೀ ಕಳಿಸಿದ ಫೋಟೋ ಅವರ ತನಕ ಹೋಗಿತ್ತಂತೆ. ಗೊಂಬೆ ಕೂಡಿಡುವವರೆಲ್ಲ ಸೇರಿ ಹಾಸನದಲ್ಲಿ ಪ್ರದರ್ಶನ ಮಾಡುತ್ತಾರಂತೆ, ಆಷಾಢದಲ್ಲಿ, ಕಲ್ಯಾಣ ಮಂಟಪ ಖಾಲಿ ಸಿಗುತ್ತದಲ್ಲ ಅದಕ್ಕೆ. "ಅಜ್ಜ, ನಿಮ್ಮ ಎಲ್ಲ ಗೊಂಬೆನೂ ತನ್ನಿ. ಆ ಹವಳದ ಗೌನಿನವಳಂತೂ ಬರಲೇಬೇಕು. ಆ ಗೊಂಬೆನ ನಾನು ಫೋಟೋದಲ್ಲಿ ಬಿಟ್ರೆ ಬೇರೆ ಎಲ್ಲೂ ನೋಡಿಲ್ಲ. ನಡುವಿನ ಮೇಜು ನಿಮಗೇ ಇಟ್ಟಿದೀನಿ."

ಹೂಂ ಅಂದುಬಿಟ್ಟೆ. ಆದರೆ ಅರಕಲಗೂಡಿನವಳು ಇರುವುದು ಕೆಂಪಣ್ಣನವರ ಮನೆಯ ಟಿವಿ ಪಕ್ಕ, ಧನ್ಯಾಳೇ ಹೇಳಿದ್ದಳು.

ಡೈರಿಯಲ್ಲಿ ಸಿಕ್ಕಾಗ ಮೆಲ್ಲಗೆ ಮಾತು ತೆಗೆದೆ. "ಕೆಂಪಣ್ಣೋರೆ, ಆಸನದಲ್ಲೊಂದು ಪ್ರದರ್ಶನ ಅಂತೆ. ಎರಡು ದಿನದ ಮಟ್ಟಿಗೆ…"

ಅವರು ಕ್ಯಾನು ಕೆಳಗಿಟ್ಟು ಎಲ್ಲರಿಗೂ ಕೇಳುವಂಗೆ ಅಂದರು: "ಏನ್ಲಾ ಚಲುವ, ಕೊಟ್ಟ ಎಣ್ಣ ವಾಪಸ್ ಕೇಳ್ತಾರಾ? ನಿನ್ ಮಗಳು ಈಗ ನಮ್ಮನೆ ಸೊಸೆ ಕಣ್ಲಾ. ನಾವು ಬೀಗ್ರು, ನೆಪ್ಪಿರ್ಲಿ!"

ಡೈರಿಯೆಲ್ಲ ನಕ್ಕಿತು. ಬೀಗರು ಅನ್ನೋ ಮಾತು ಅವರ ಬಾಯಲ್ಲಿ ತಮಾಷೆಗೆ ಬಂತು. ನಾನು ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ನಮ್ಮ ಕೇರಿಯವರು ಕೆಂಪಣ್ಣನವರ ಮನೆಗೆ ಹೋದರೆ ಜಗುಲಿ ತನಕ. ಒಳಗೆ ಬರಬೇಡ ಅಂತ ಈಗ ಯಾರೂ ಅನ್ನುವುದಿಲ್ಲ. ಬನ್ನಿ ಅಂತಲೂ ಅನ್ನುವುದಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಹಿಡಿಯಿತು. ಹಾಸನಕ್ಕೆ ಏನು ಹೇಳಲಿ ಅಂತ ಯೋಚಿಸುತ್ತಾ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಬಂದ ಬಸ್ಸಿನಿಂದ ಒಬ್ಬ ಮದುವಣಗಿತ್ತಿ ಇಳಿದಳು. ಕೈತುಂಬ ಹಸಿರು ಬಳೆ, ಮಡಿಲಲ್ಲಿ ತೆಂಗಿನಕಾಯಿ, ಹಿಂದೆ ಬ್ಯಾಗು ಹೊತ್ತ ಅವಳ ಅಪ್ಪ. ನನ್ನ ಬಸ್ಸಿನ ಕಾಲದಲ್ಲಿ ಪ್ರತಿ ಆಷಾಢಕ್ಕೂ ಇದೇ ನೋಟ. ಬಸ್ಸಿಗೆ ಬಸ್ಸೇ ಹೂವಿನ ವಾಸನೆ. ಮೊದಲ ಆಷಾಢಕ್ಕೆ ಹೊಸ ಸೊಸೆ ಅತ್ತೆಮನೆಯಲ್ಲಿ ಇರಂಗಿಲ್ಲ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು.

ಎದ್ದು ಮನೆಗೆ ಓಡಿದೆ ಅಂತಲೇ ಹೇಳಬೇಕು. "ಹೊನ್ನಿ, ಒಳ್ಳೆ ಸೀರೆ ಉಡು. ಮಗಳ ಕರ್ಕೊಂಡು ಬರೋಣ."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಮದುವೆಯಾದ ವರ್ಷ ನಕ್ಕಂಗೆ.

ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಮೊಳ ಹೂವು ಇಟ್ಟುಕೊಂಡು ಹೊರಟೆವು. ನಾನು ಬಿಳಿ ಪಂಚೆ, ಬಿಳಿ ಶರಟು. ಬೀದಿಯವರೆಲ್ಲ ಏನು ವಿಶೇಷ ಅಂದರು. "ಬೀಗರ ಮನೆಗೆ," ಅಂದೆ. ಕೆಲವರು ಕೆಲಸ ಬಿಟ್ಟು ಹಿಂದೆ ಬಂದರು. ತೇಜಶ್ರೀ ಮುಂದೆ ಮುಂದೆ.

ಕೆಂಪಣ್ಣನವರು ಜಗುಲಿಯಲ್ಲಿ ಕೂತಿದ್ದರು. ತಟ್ಟೆ ನೋಡಿ, "ಏನ್ಲಾ ಇದು ವೇಷ?" ಅಂದರು.

"ಆಷಾಢ ಬಂತಲ್ಲಾ. ಮದ್ವೆಯಾಗಿ ಮೊದಲ್ನೇ ಆಷಾಢ. ಮಗಳ ತವರಿಗೆ ಕರ್ಕೊಂಡೋಗಕ್ಕೆ ಬಂದೀವಿ."

ಅವರು ಎದ್ದು ನಿಂತರು. "ಲೇ, ಗೊಂಬೆಗೆ ಯಾವ ಆಷಾಢ್ಲಾ?"

"ಗೊಂಬೆಗೆ ಧಾರೆ ಇದ್ಮೇಲೆ ಆಷಾಢನೂ ಅದೆ ತಾನೆ?" ಹೊನ್ನಕ್ಕ ಮೆತ್ತಗೆ ಅಂದಳು. "ಧಾರೆ ಉಯ್ಸ್‌ದೋರು ದೊಡ್ಡಮ್ಮೋರು. ಅವ್ರೇ ಯೋಳ್ಲಿ."

ದೊಡ್ಡಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಅವರ ಮುಖದಲ್ಲಿ ನಗು ಇರಲಿಲ್ಲ. ಲೆಕ್ಕ ತಪ್ಪಿದ್ದೆಲ್ಲಿ ಅಂತ ನೋಡುವವರ ಮುಖ. ಅಷ್ಟರಲ್ಲಿ ಅವರ ಸೆರಗಿನ ಹಿಂದಿನಿಂದ ಧನ್ಯಾ ಕಿರುಚಿದಳು:

"ಅಯ್ಯೋ ಅಜ್ಜಿ! ಅತ್ತೆ ನಾನೇ ಅಲ್ವಾ? ಬೆಳಿಗ್ಗೆಯಿಂದ ಅವಳ್ನ ಎತ್ಕೊಂಡು ಎಷ್ಟು ಸಲ ಒಸ್ಲು ದಾಟುದ್ನೋ!"

"ಅಂಗೆಲ್ಲ ಮಾಡ್ಬಾರ್ದು ಕಣಮ್ಮಿ," ಅಂದರು ದೊಡ್ಡಮ್ಮ, ನಿಜವಾದ ಗಾಬರಿಯಲ್ಲಿ. ಆಮೇಲೆ ಗಂಡನ ಕಡೆ ತಿರುಗಿದರು. "ಅವ್ರು ಯೋಳೋದು ಸರಿ. ಕಳ್ಸ್‌ಬೇಕು. ಬೀಗ್ರು ಅಂತ ಡೈರೀಲಿ ಊರ್ಗೆಲ್ಲ ಸಾರ್ದೋರು ನೀವೇ. ಈಗ ಬೀಗ್ರ ಜಗುಲೀಲಿ ನಿಲ್ಲಿಸ್ಕೊಂಡು ಮಾತಾಡ್ತಾ ಇದೀರಲ್ಲ, ನೋಡ್ದೋರು ಏನಂತಾರೆ?"

ಬೀದಿಯಲ್ಲಿ ನಿಂತವರು ನೋಡುತ್ತಲೇ ಇದ್ದರು. ಕೆಂಪಣ್ಣನವರು ಅವರನ್ನು ನೋಡಿದರು, ತಟ್ಟೆ ನೋಡಿದರು, ನನ್ನ ಬಿಳಿ ಪಂಚೆ ನೋಡಿದರು. ಆಮೇಲೆ ಏನನ್ನಿಸಿತೋ, ಹೊಟ್ಟೆ ಕುಣಿಸಿ ನಗಲಿಕ್ಕೆ ಶುರು ಮಾಡಿದರು. ಇದು ಡೈರಿಯ ನಗು ಅಲ್ಲ.

"ಸಿಗಾಕಿಸ್ಬುಟ್ರಲ್ಲಾ! ಬನ್ನಿ ಬೀಗ್ರೆ, ಒಳಿಕ್ಕೆ ಬನ್ನಿ."

ಹುಟ್ಟಿದಾಗಿನಿಂದ ಆ ಬೀದಿಯಲ್ಲಿ ಓಡಾಡಿದವನು, ಆ ಮನೆಯ ನಡುಮನೆ ನಾನು ನೋಡಿದ್ದು ಅವತ್ತೇ ಮೊದಲು. ಗೋಡೆಗೆ ತಿಳಿನೀಲಿ ಬಣ್ಣ. ನಮ್ಮನ್ನು ಸೋಫಾದಲ್ಲಿ ಕೂರಿಸಿ ಅವರು ಕುಡಿಯುವಂಥದೇ ಲೋಟದಲ್ಲಿ ಕಾಫಿ ಕೊಟ್ಟರು. ಹೊನ್ನಕ್ಕ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಆಮೇಲೆ, "ಸಕ್ಕರೆ ಒಂಚೂರು ಕಮ್ಮಿಯಾಯ್ತು," ಅಂದಳು. ದೊಡ್ಡಮ್ಮ ಸಕ್ಕರೆ ತಂದರು. ಬೀಗಿತ್ತಿಯ ಬಾಯಿ ಅಂದರೆ ಹಂಗಿರಬೇಕು.

ಅರಕಲಗೂಡಿನವಳಿಗೆ ಮಡಿಲು ತುಂಬಿದರು. ಅವಳ ಮಡಿಲಿಗೆ ಅಕ್ಕಿ ನಾಕು ಕಾಳು ಹಿಡಿದರೆ ಹೆಚ್ಚು. ಧನ್ಯಾ ಅವಳ ಕೂದಲು ಚೆನ್ನಾಗಿ ನೋಡಿಕೊಂಡಿದ್ದಳು, ಒಂದು ಗಂಟಿರಲಿಲ್ಲ. ಕಣ್ಣೊರೆಸಿಕೊಂಡು, "ಪ್ರದರ್ಶನಕ್ಕೆ ನಾನೂ ಬತ್ತೀನಿ," ಅಂದಳು.

ಹಾಸನದ ಕಲ್ಯಾಣ ಮಂಟಪದಲ್ಲಿ ನಡುವಿನ ಮೇಜು ನಮ್ಮದು. ಹೊನ್ನಕ್ಕನ ರವಿಕೆ ತುಂಡಿನ ಸೀರೆ ಉಟ್ಟವರೆಲ್ಲ ಸಾಲಾಗಿ ನಿಂತರು. ಬಸ್ಸಿನಲ್ಲಿ ಸಿಕ್ಕಿದವಳೂ ಇದ್ದಳು, ಒಂಟಿ ಚಪ್ಪಲಿಯಲ್ಲೇ. ಮಧ್ಯದಲ್ಲಿ, ಎಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ, ಹವಳದ ಗೌನಿನ ಅರಕಲಗೂಡಿನವಳು. ಡಬ್ಬದಿಂದ ಒಮ್ಮೆಯೂ ಆಚೆ ತೆಗೆಯದ ಗೊಂಬೆ ಇಟ್ಟವರು, ಪರದೇಶದಿಂದ ತರಿಸಿದವರು, ಎಲ್ಲರೂ ತಮ್ಮ ತಮ್ಮ ಮೇಜು ಬಿಟ್ಟು ಬಂದು ನೋಡಿದರು. ಎಲ್ಲಿ ಸಿಕ್ಕಿದಳು, ಹೆಂಗೆ ತೊಳೆದಿರಿ, ಗುಂಗುರು ಹೆಂಗೆ ಉಳಿಸಿದಿರಿ ಅಂತ ಕೇಳುವವರೇ. ನಾನು ಒಬ್ಬೊಬ್ಬಳ ತವರಿನ ಕತೆ ಹೇಳುತ್ತಾ ನಿಂತೆ. ಇಂಥ ಮಾತಿಗೆ ಇಷ್ಟು ಜನ ಕಿವಿ ಕೊಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಸಣ್ಣ ಹುಡುಗಿ ಮೇಜಿಗೆ ಗದ್ದ ಊರಿ, "ಅಮ್ಮಾ, ಇವಳು ನನ್ ಥರ ಇದಾಳೆ," ಅಂತ ಕೂಗಿದಾಗ ತೇಜಶ್ರೀ ನನ್ನ ಕೈ ಹಿಂಡಿದಳು.

ಮಧ್ಯಾಹ್ನ ಕೆಂಪಣ್ಣನವರು ಕಾರಿನಲ್ಲಿ ಬಂದರು, ಜೊತೆಗೆ ದೊಡ್ಡಮ್ಮ, ಧನ್ಯಾ. ಧನ್ಯಾಳ ಕೈಯಲ್ಲಿ ಕೋಟಿನ ಹುಡುಗ, ತಲೆಯ ಮೇಲೆ ಕರ್ಚೀಫು ಮುಚ್ಚಿಸಿಕೊಂಡು.

"ಇದೇನಮ್ಮಾ, ಉಸಿರು ಕಟ್ಟಲ್ವಾ ಅವನಿಗೆ?" ಅಂದಳು ಹೊನ್ನಕ್ಕ.

"ಆಷಾಢದಲ್ಲಿ ಗಂಡ ಎಂಡ್ತಿ ಮುಖ ನೋಡಂಗಿಲ್ವಂತೆ. ಅಜ್ಜಿ ಮುಚ್ಚುದ್ರು."

ಕೆಂಪಣ್ಣನವರು ಜನದ ನಡುವೆ ನುಗ್ಗಿಕೊಂಡು ಮುಂದೆ ಬಂದರು. ಯಾರೋ, "ಈ ಗೊಂಬೆ ಯಾರದ್ದು?" ಅಂತ ಕೇಳುತ್ತಿದ್ದರು. ನಾನು ಉತ್ತರ ಕೊಡುವ ಮೊದಲೇ ಕೆಂಪಣ್ಣನವರ ಗಂಟಲು ಮಂಟಪವೆಲ್ಲ ತುಂಬಿತು.

"ಇವ್ರು ನಮ್ಮ ಬೀಗ್ರು, ಚಲುವಯ್ಯನೋರು ಅಂತ, ಅಳೇಕೋಟೆ. ಇವ್ರ ಮಗಳು. ನಮ್ಮ ಸೊಸೆ!"

ಶ್ರಾವಣ ಬಂದಾಗ ಅವರೇ ಕರೆದುಕೊಂಡು ಹೋಗಲಿಕ್ಕೆ ನಮ್ಮ ಕೇರಿಗೆ ಬಂದರು. ಬೀಗರೂಟ ಇಲ್ಲದೆ ಹೆಣ್ಣು ಕಳಿಸುವುದುಂಟೆ? ಹೊನ್ನಕ್ಕ ಕೋಳಿಸಾರು, ಮುದ್ದೆ ಮಾಡಿದ್ದಳು. ಕೆಂಪಣ್ಣನವರು ಬುದ್ಧನ ಫೋಟೋ ಎದುರಿಗೆ ಚಾಪೆಯ ಮೇಲೆ ಕೂತು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಉಣ್ಣುತ್ತಾ ಅವರ ಕಣ್ಣೆಲ್ಲ ಶೋಕೇಸಿನ ಮೇಲೆ. ಆ ನೋಟ ನನಗೆ ಗೊತ್ತು. ಆ ಚಟ ಹಿಡಿಯುವಾಗ ಹಂಗೇ ನೋಡೋದು.

ಅರಕಲಗೂಡಿನವಳನ್ನು ಸಂತೋಷವಾಗಿಯೇ ಕಳಿಸಿದೆ. ಮುಂದೆ ಗೌರಿ ಹಬ್ಬ ಅದೆ, ತವರಿಗೆ ಬಂದೇ ಬರುತ್ತಾಳೆ. ಮಗಳನ್ನು ನೋಡಬೇಕು ಅನ್ನಿಸಿದರೆ ಹೋಗಿ ನೋಡುತ್ತೀನಿ, ನಡುಮನೆಯಲ್ಲೇ.

ಹೊಸಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ ಕೆಂಪಣ್ಣನವರು ಹೆಂಡತಿಗೆ ಕೇಳಿಸದಂಗೆ ನನ್ನ ಕಿವಿಗೆ ಬಂದರು.

"ಬೀಗ್ರೆ, ಚನ್ನರಾಯಪಟ್ಟಣದ ಗುಜರಿಗೆ ಯಾವತ್ತು ಓಯ್ತೀರಿ? ನಮ್ಮುಡ್ಗ ಒಬ್ನೇ ಅವ್ನೆ. ಒಬ್ಬ ತಮ್ಮ ಸಿಕ್ಕಾನೇನೋ ನೋಡುಮ."

"ನಾಳೆ ಮೊದಲ್ನೇ ಬಸ್ಸಿಗೆ," ಅಂದೆ. "ಕಿಟಕಿ ಸೀಟು ನಂದು."